ಪಾತ್ರವೂ ಬಾಗಿಲೂ: ಬಹುವಿಧ ಲಾಗಿನ್‌ಗಳ ನಡುವೆ ಪಾತ್ರಾಧಾರಿತ ಪ್ರವೇಶ ನಿಯಂತ್ರಣದ ಒಂದು ವಿಮರ್ಶೆ

1. ಪ್ರಸ್ತಾವನೆ

ತಮ್ಮ ಅರ್ಜಿಯ ಗತಿಯೇನಾಯಿತೆಂದು ತಾಲ್ಲೂಕು ಕಚೇರಿಯಲ್ಲೋ ಪಾಲಿಕೆಯ ವಾರ್ಡ್ ಕಚೇರಿಯಲ್ಲೋ ವಿಚಾರಿಸಲು ಹೋದವರಿಗೆ ಈಚಿನ ವರ್ಷಗಳಲ್ಲಿ ಒಂದು ಹೊಸ ಬಗೆಯ ಉತ್ತರ ದೊರೆಯುತ್ತಿರುವುದನ್ನು ವಾಚಕರು ಗಮನಿಸಿರಬಹುದು. ‘ನಿಮ್ಮ ಫೈಲು ಈಗ ಆರ್.ಐ. ಲಾಗಿನ್‌ನಲ್ಲಿದೆ’, ‘ಕೇಸ್ ವರ್ಕರ್ ಲಾಗಿನ್‌ನಿಂದ ಇನ್ನೂ ಮುಂದಕ್ಕೆ ಬಂದಿಲ್ಲ’ ಎಂಬುದೇ ಆ ಉತ್ತರ. ಹಿಂದೆ ‘ಸಾಹೇಬರ ಮೇಜಿನ ಮೇಲಿದೆ’ ಎನ್ನುತ್ತಿದ್ದ ಸ್ಥಾನದಲ್ಲಿ ಈಗ ಈ ಮಾತು ನಿಂತಿದೆ. ಲಾಗಿನ್ ಎಂಬ ಶಬ್ದಕ್ಕೆ ಮೂಲದಲ್ಲಿರುವ ಅರ್ಥ ಗಣಕದೊಳಕ್ಕೆ ಪ್ರವೇಶಿಸುವ ಕ್ರಿಯೆ ಎಂಬಷ್ಟೇ. ನಮ್ಮ ಕಚೇರಿಗಳ ಕನ್ನಡದಲ್ಲಾದರೋ ಅದು ಹುದ್ದೆಗೆ, ಹುದ್ದೆಯೊಡನೆ ಬರುವ ಅಧಿಕಾರಕ್ಕೆ, ಕಡೆಗೆ ಆ ಹುದ್ದೆಯಲ್ಲಿ ಕುಳಿತಿರುವ ವ್ಯಕ್ತಿಗೂ ಹೆಸರಾಗಿಬಿಟ್ಟಿದೆ. ಗದ್ದುಗೆಯೆಂದರೆ ಅರಸುತನವೆಂದು ಆಗುವಂತೆ ಇದೂ ಒಂದು ಲಕ್ಷಣಾಪ್ರಯೋಗ. ಆಡುಮಾತಿನಲ್ಲಿ ಇದರಿಂದ ಕೇಡೇನೂ ಇಲ್ಲ. ಆದರೆ ಇದೇ ಬೆರಕೆ ತಂತ್ರಾಂಶದ ರಚನೆಯೊಳಕ್ಕೆ ಹೊಕ್ಕರೆ ಅದರಿಂದ ಕೇಡುಂಟು. ಆ ಕೇಡು ಎಂಥದು, ಅದಕ್ಕೆ ಕಾರಣವೇನು, ಅದನ್ನು ತಪ್ಪಿಸುವ ನಿಯಮ ಯಾವುದು ಎಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ವಿಷಯವು ಸ್ಪಷ್ಟವಾಗಲೆಂದು ಪದ್ಮನಾಭನಗರದಲ್ಲಿ ಒಂದು ಕಾಲೇಜನ್ನು ಕಲ್ಪಿಸಿಕೊಳ್ಳೋಣ. ಆಂತರಿಕ ಪರೀಕ್ಷೆಗಳ ಅಂಕಗಳನ್ನು ದಾಖಲಿಸಲು ಅಲ್ಲಿ ಒಂದು ತಂತ್ರಾಂಶವಿದೆ. ಅಂಕಗಳನ್ನು ಅಧ್ಯಾಪಕರು ನಮೂದಿಸತಕ್ಕದ್ದು. ವಿಭಾಗದ ಮುಖ್ಯಸ್ಥರು ಅನುಮೋದಿಸತಕ್ಕದ್ದು. ವಿದ್ಯಾರ್ಥಿಗಳೂ ಪೋಷಕರೂ ನೋಡಬಹುದೇ ಹೊರತು ತಿದ್ದಲಾಗದು. ಮೊದಲಿಗೆ ಒಳಬರಲು ಪಾಸ್‌ವರ್ಡ್ ಎಂಬ ಒಂದೇ ಬಾಗಿಲಿದ್ದಿತು. ಕಾಲೇಜಿನ ಮಿಂಚಂಚೆ ಗೂಗಲ್‌ಗೆ ಹೋದಮೇಲೆ ಗೂಗಲ್ ಖಾತೆಯ ಬಾಗಿಲೊಂದು ಸೇರಿತು. ಪೋಷಕರ ಅನುಕೂಲಕ್ಕಾಗಿ ಮೊಬೈಲಿಗೆ ಬರುವ ಒಟಿಪಿಯ ಬಾಗಿಲು ಅನಂತರ ತೆರೆಯಿತು. ತಂತ್ರಾಂಶವನ್ನು ಬರೆದವರು ಶ್ರಮವನ್ನು ಉಳಿಸಲೆಂದು ಪ್ರತಿಯೊಂದು ಬಾಗಿಲಿಗೂ ಒಂದೊಂದು ಪಾತ್ರವನ್ನು ಕಟ್ಟಿದರು: ಕಾಲೇಜಿನ ಗೂಗಲ್ ಖಾತೆಯಿಂದ ಬಂದವರು ಅಧ್ಯಾಪಕರು, ಒಟಿಪಿಯಿಂದ ಬಂದವರು ಪೋಷಕರು. ನೋಡುವುದಕ್ಕೆ ಇದು ಸಹಜವೆಂದೇ ತೋರುತ್ತದೆ. ಆದರೆ ಕಾಲೇಜಿನ ಮಿಂಚಂಚೆ ವಿಳಾಸ ಪಡೆದ ಸಂಶೋಧನ ವಿದ್ಯಾರ್ಥಿಯೂ ಮರುದಿನದಿಂದ ಅಂಕ ತಿದ್ದಬಲ್ಲ ಅಧ್ಯಾಪಕನಾಗುತ್ತಾನೆ. ಅಧ್ಯಾಪಕಿಯೊಬ್ಬರು ಪ್ರಯಾಣದಲ್ಲಿರುವಾಗ ಒಟಿಪಿಯಿಂದ ಒಳಬಂದರೆ ತಮ್ಮ ತರಗತಿಯನ್ನೇ ಕಾಣದ ಪೋಷಕರಾಗುತ್ತಾರೆ. ಇಲ್ಲಿ ಪಣವಾಗಿರುವುದು ಯಂತ್ರದ ಅಚ್ಚುಕಟ್ಟಲ್ಲ. ಒಬ್ಬ ವಿದ್ಯಾರ್ಥಿಯ ಅಂಕಪಟ್ಟಿಯಲ್ಲಿರುವ ಸಂಖ್ಯೆಯನ್ನು ಬರೆದವರು ಯಾರು, ಅದಕ್ಕೆ ಹೊಣೆ ಯಾರು ಎಂಬ ಪ್ರಶ್ನೆ.

2. ಗುರುತು, ಪಾತ್ರ, ಅಧಿಕಾರ

ಮೂರು ಸಂಗತಿಗಳನ್ನು ಇಲ್ಲಿ ಬೇರೆಬೇರೆಯಾಗಿ ತಿಳಿಯಬೇಕು. ಬಂದವರು ಯಾರೆಂಬುದನ್ನು ಸ್ಥಾಪಿಸುವುದು ಗುರುತಿನ ರುಜುವಾತು. ಆ ವ್ಯಕ್ತಿ ಸಂಸ್ಥೆಯಲ್ಲಿ ಯಾವ ಸ್ಥಾನದಲ್ಲಿರುವರೆಂಬುದು ಪಾತ್ರ. ಆ ಸ್ಥಾನದಲ್ಲಿರುವವರು ಏನನ್ನು ಮಾಡಬಹುದೆಂಬುದು ಅಧಿಕಾರ. ಮೊದಲನೆಯದಕ್ಕೆ ಪಾಸ್‌ವರ್ಡ್, ಒಟಿಪಿ, ಬೆರಳಚ್ಚು ಮೊದಲಾದ ಅನೇಕ ಸಾಧನಗಳಿರಬಹುದು. ಎರಡನೆಯದಕ್ಕೆ ಇರಬೇಕಾದುದು ಒಂದೇ ಆಧಾರ: ಸಂಸ್ಥೆಯು ಆದೇಶಪೂರ್ವಕವಾಗಿ ಬರೆದಿಟ್ಟ ಪಟ್ಟಿ.

ಈ ಭೇದವು ಗಣಕಯುಗದಲ್ಲಿ ಹುಟ್ಟಿದುದಲ್ಲ. ನಮ್ಮ ಸಾಹಿತ್ಯದ ಓದುಗರಿಗೆ ಇದು ಎರಡು ಉಂಗುರಗಳ ಕಥೆಯಿಂದ ಪರಿಚಿತವೇ ಆಗಿದೆ. ಶಾಕುಂತಲದಲ್ಲಿ ಉಂಗುರ ಕಳೆದುಹೋದುದರಿಂದ ಶಕುಂತಲೆಯು ಪತ್ನಿಯೆಂಬ ಸ್ಥಾನವನ್ನೇ ಕಳೆದುಕೊಳ್ಳುತ್ತಾಳೆ. ಆ ಸ್ಥಾನ ಉಂಗುರದಿಂದ ಬಂದದ್ದಲ್ಲ, ಉಂಗುರವು ಅದರ ಗುರುತು ಮಾತ್ರ. ಮುದ್ರಾರಾಕ್ಷಸದಲ್ಲಿ ಇದರ ಮಗ್ಗುಲು ಬದಲಾಗಿದೆ. ರಾಕ್ಷಸನ ಮುದ್ರೆಯುಂಗುರ ಚಾಣಕ್ಯನ ಕೈಗೆ ಸಿಕ್ಕುತ್ತದೆ. ಆ ಮುದ್ರೆ ಬಿದ್ದ ಓಲೆಯನ್ನು ಕಂಡವರು ಅದನ್ನು ರಾಕ್ಷಸನ ಮಾತೆಂದೇ ನಂಬುತ್ತಾರೆ. ಈ ಕಥೆಯನ್ನು ಕೆಂಪುನಾರಾಯಣನು 1823ರಲ್ಲಿ ‘ಮುದ್ರಾಮಂಜೂಷ’ವೆಂಬ ಗದ್ಯಕೃತಿಯಾಗಿ ಕನ್ನಡಕ್ಕೆ ತಂದನು. ಗುರುತು ಕಳೆದಾಗ ಸ್ಥಾನವೂ ಕಳೆಯುವುದು ಒಂದು ದೋಷ. ಗುರುತು ಕದ್ದವನಿಗೆ ಸ್ಥಾನವೂ ದಕ್ಕುವುದು ಇನ್ನೊಂದು ದೋಷ. ಎರಡಕ್ಕೂ ಮೂಲವೊಂದೇ: ಸ್ಥಾನವನ್ನು ಗುರುತಿನಲ್ಲಿಯೇ ಇಟ್ಟುಬಿಡುವುದು.

3. ಶಾನುಭೋಗಿಕೆಯಿಂದ ‘ಭೂಮಿ’ಯವರೆಗೆ

ಪಾತ್ರವನ್ನು ವ್ಯಕ್ತಿಯಿಂದ ಬೇರ್ಪಡಿಸುವ ಪ್ರಯತ್ನ ನಮ್ಮ ನಾಡಿನ ಆಡಳಿತದಲ್ಲಿ ಗಣಕಕ್ಕಿಂತ ಹಳೆಯದು. ಇಂದು ಪದ್ಮನಾಭನಗರದ ಬಡಾವಣೆಗಳಿರುವ ನೆಲ ಹಿಂದೆ ಬೆಂಗಳೂರು ದಕ್ಷಿಣ ತಾಲ್ಲೂಕಿನ ಕದಿರೇನಹಳ್ಳಿ, ಚಿಕ್ಕಲ್ಲಸಂದ್ರ ಮೊದಲಾದ ಹಳ್ಳಿಗಳ ಎಲ್ಲೆಯೊಳಗೂ ನೆರೆಯಲ್ಲಿಯೂ ಇದ್ದ ಹೊಲಗದ್ದೆ. ಇಂಥ ಹಳ್ಳಿಗಳ ಲೆಕ್ಕಪತ್ರಗಳನ್ನು ಬರೆಯುತ್ತಿದ್ದವರು ಶಾನುಭೋಗರು. ಶಾನುಭೋಗಿಕೆ ವಂಶಪಾರಂಪರ್ಯದ ಹುದ್ದೆ. ಅಲ್ಲಿ ಪಾತ್ರವು ರಕ್ತಕ್ಕೆ ಅಂಟಿಕೊಂಡಿದ್ದಿತು. ಯಾರ ಮಗನೆಂಬುದು ತಿಳಿದರೆ ಯಾವ ಅಧಿಕಾರವೆಂಬುದೂ ತಿಳಿಯುತ್ತಿದ್ದಿತು. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಅಧಿನಿಯಮವು 1963ರ ಫೆಬ್ರುವರಿ 1ರಿಂದ ಜಾರಿಗೆ ಬಂದು ಈ ಅಂಟನ್ನು ಬಿಡಿಸಿತು. ಅಲ್ಲಿಂದ ಮುಂದೆ ಗ್ರಾಮ ಲೆಕ್ಕಿಗನೆಂಬುವನು ನೇಮಕದಿಂದ ಬರುವವನು, ವರ್ಗಾವಣೆಯಿಂದ ಹೋಗುವವನು. ಹುದ್ದೆ ನಿಲ್ಲುತ್ತದೆ, ವ್ಯಕ್ತಿ ಬದಲಾಗುತ್ತಾನೆ. ಪಾತ್ರಾಧಾರಿತ ನಿಯಂತ್ರಣದ ಮೂಲತತ್ತ್ವ ಇಷ್ಟೇ.

ಭೂದಾಖಲೆಗಳನ್ನು ಗಣಕಕ್ಕೆ ತಂದ ‘ಭೂಮಿ’ ಯೋಜನೆಯಲ್ಲಿ ಈ ತತ್ತ್ವಕ್ಕೆ ಇನ್ನೊಂದು ಅಂಶ ಸೇರಿತು. 2000ದ ಆಸುಪಾಸಿನ ವರ್ಷಗಳಲ್ಲಿ ರಾಜ್ಯದ ಎಲ್ಲ ತಾಲ್ಲೂಕುಗಳಿಗೂ ಹರಡಿದ ಈ ಯೋಜನೆಯು ಸುಮಾರು 67 ಲಕ್ಷ ಭೂಮಾಲೀಕರಿಗೆ ಸಂಬಂಧಿಸಿದ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಿತು. ಆಗ 15 ರೂಪಾಯಿ ಶುಲ್ಕ ಕೊಟ್ಟು ತಾಲ್ಲೂಕು ಕೇಂದ್ರದಲ್ಲಿ ಪಹಣಿಯ ಪ್ರತಿ ಪಡೆಯಬಹುದಾಗಿದ್ದಿತು. ಸಾಮಾನ್ಯವಾಗಿ ಪ್ರಶಂಸೆಗೆ ಪಾತ್ರವಾದುದು ಈ ಅನುಕೂಲವೇ. ನಮ್ಮ ವಿಚಾರಕ್ಕೆ ಹೆಚ್ಚು ಮುಖ್ಯವಾದುದು ಬೇರೊಂದು. ‘ಭೂಮಿ’ಯ ತಂತ್ರಾಂಶವನ್ನು ಬಳಸುವ ನೌಕರರು ಬೆರಳಚ್ಚಿನಿಂದ ಒಳಹೋಗುವಂತೆ ಏರ್ಪಡಿಸಲಾಗಿದ್ದಿತು, ಅವರು ಮಾಡಿದ ಕಾರ್ಯಗಳ ದಾಖಲೆಯನ್ನು ಯಂತ್ರವೇ ಇಡುತ್ತಿದ್ದಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ತೆಗೆದುಕೊಳ್ಳಬೇಕಾಗಿದ್ದಿತು. ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಇನ್ನೊಬ್ಬರಿಗೆ ಕೊಡಬಹುದು, ಬೆರಳನ್ನು ಹಾಗೆ ಕೊಡಲಾಗದು. ‘ಇದನ್ನು ನಾನು ಮಾಡಲಿಲ್ಲ, ನನ್ನ ಪಾಸ್‌ವರ್ಡನ್ನು ಯಾರೋ ಬಳಸಿದರು’ ಎಂಬ ನೆವಕ್ಕೆ ಇದರಿಂದ ಎಡೆ ಕಡಮೆಯಾಯಿತು. ಇದು ಈ ಯೋಜನೆಯ ನಿಜವಾದ ಗುಣವೆಂದು ನಾವು ಎಣಿಸುತ್ತೇವೆ.

ಆದರೆ ಗುಣವನ್ನು ಎತ್ತಿ ಹೇಳುವಾಗ ಅದರ ಮೇರೆಯನ್ನೂ ಹೇಳಬೇಕು. ಬೆರಳಚ್ಚು ‘ಇವರು ಇಂಥವರು’ ಎನ್ನುತ್ತದೆ. ‘ಇವರಿಗೆ ಇಂದು ಈ ಅಧಿಕಾರವಿದೆ’ ಎನ್ನುವುದಿಲ್ಲ. ಅಧಿಕಾರಿ ರಜೆಯಲ್ಲಿರುವಾಗ ಬೇರೊಬ್ಬರು ಪ್ರಭಾರ ವಹಿಸುವುದು ನಮ್ಮ ಕಚೇರಿಗಳ ನಿತ್ಯದ ಸಂಗತಿ. ಪ್ರಭಾರದ ಆದೇಶವು ಯಂತ್ರದ ಪಟ್ಟಿಗೆ ಆ ದಿನವೇ ಏರಿದರೆ ಪ್ರಭಾರಿಯು ತನ್ನದೇ ಗುರುತಿನಿಂದ ಬಂದು, ತನ್ನದೇ ಹೆಸರಿನಲ್ಲಿ, ತಾತ್ಕಾಲಿಕವಾಗಿ ದೊರೆತ ಪಾತ್ರದಲ್ಲಿ ಕೆಲಸ ಮಾಡುತ್ತಾನೆ. ಏರದಿದ್ದರೆ ಎರಡೇ ದಾರಿ: ಕೆಲಸ ನಿಲ್ಲಬೇಕು, ಇಲ್ಲವೆ ಗುರುತನ್ನು ಎರವಲು ಪಡೆಯಬೇಕು. ಗುರುತಿನ ಸಾಧನವನ್ನು ಎಷ್ಟು ಬಿಗಿಮಾಡಿದರೂ ಪಾತ್ರದ ಪಟ್ಟಿ ಸಡಿಲವಾಗಿದ್ದರೆ ಜನರು ಬಿಗಿಯನ್ನು ತಪ್ಪಿಸುವ ಉಪಾಯವನ್ನು ಹುಡುಕಿಯೇ ಹುಡುಕುತ್ತಾರೆ. ಆದಕಾರಣ ಬಾಗಿಲನ್ನು ಭದ್ರಪಡಿಸುವುದಕ್ಕೆ ವೆಚ್ಚಮಾಡುವ ಸಂಸ್ಥೆಯು ಪಟ್ಟಿಯನ್ನು ದಿನದಿನವೂ ಸರಿಯಾಗಿಡುವುದಕ್ಕೂ ಅಷ್ಟೇ ವೆಚ್ಚಮಾಡತಕ್ಕದ್ದು.

4. ಸಿದ್ಧಾಂತವು ಬಿಟ್ಟುಹೋದ ಮಾತು

ಈಗ ಶಾಸ್ತ್ರಭಾಗಕ್ಕೆ ಬರೋಣ. ಪಾತ್ರಾಧಾರಿತ ಪ್ರವೇಶ ನಿಯಂತ್ರಣವನ್ನು ಒಂದು ಕ್ರಮಬದ್ಧ ಸಿದ್ಧಾಂತವಾಗಿ ಮೊದಲು ಮಂಡಿಸಿದವರು ಅಮೆರಿಕದ ಡೇವಿಡ್ ಫೆರಾಯೊಲೊ ಮತ್ತು ರಿಚರ್ಡ್ ಕೂನ್. ಅವರ ಪ್ರಬಂಧವು 1992ರಲ್ಲಿ ಹೊರಬಂದಿತು. 1996ರಲ್ಲಿ ರವಿ ಸಂಧು ಮತ್ತು ಅವರ ಸಹಲೇಖಕರು ಇದಕ್ಕೆ ಪ್ರಸಿದ್ಧವಾದ ಚೌಕಟ್ಟನ್ನು ಕಟ್ಟಿದರು. 2004ರಲ್ಲಿ ಇದು ಅಮೆರಿಕದ ರಾಷ್ಟ್ರೀಯ ಮಾನಕವಾಯಿತು. 1996ರ ಚೌಕಟ್ಟಿನಲ್ಲಿ ನಾಲ್ಕು ಘಟಕಗಳಿವೆ: ಬಳಕೆದಾರರು, ಪಾತ್ರಗಳು, ಅನುಮತಿಗಳು, ಸೆಷನ್‌ಗಳು. ಅನುಮತಿಗಳನ್ನು ನೇರವಾಗಿ ವ್ಯಕ್ತಿಗೆ ಕೊಡದೆ ಪಾತ್ರಕ್ಕೆ ಕೊಡಬೇಕು. ವ್ಯಕ್ತಿಗಳನ್ನು ಪಾತ್ರಗಳಿಗೆ ನೇಮಿಸಬೇಕು. ಒಂದು ಸಲ ಒಳಬಂದು ಹೊರಹೋಗುವವರೆಗಿನ ಅವಧಿಯಾದ ಸೆಷನ್‌ನಲ್ಲಿ ಬಳಕೆದಾರನು ತನಗಿರುವ ಪಾತ್ರಗಳಲ್ಲಿ ಕೆಲವನ್ನು ಮಾತ್ರ ಧರಿಸಬಹುದು.

ಈ ಸಿದ್ಧಾಂತದ ಹಿರಿಮೆ ಕರ್ತವ್ಯ ವಿಭಜನೆಯಲ್ಲಿದೆ. ಬರೆಯುವವನೇ ಅನುಮೋದಿಸಕೂಡದು, ಬಿಲ್ಲು ಮಾಡುವವನೇ ಹಣ ಕೊಡಕೂಡದು ಎಂಬ ನಿಯಮವನ್ನು ಇಲ್ಲಿ ನಿರ್ಬಂಧವಾಗಿ ಬರೆದಿಡಬಹುದು: ಈ ಎರಡು ಪಾತ್ರಗಳು ಒಬ್ಬನೇ ಬಳಕೆದಾರನಿಗೆ ಸೇರಬಾರದು ಎಂದು. ಸಾಲ್ಟ್ಸರ್ ಮತ್ತು ಶ್ರೋಡರ್ ಅವರು 1975ರಲ್ಲಿ ನಿರೂಪಿಸಿದ ರಕ್ಷಣಾತತ್ತ್ವಗಳಲ್ಲಿ ಅಗತ್ಯಕ್ಕಿಂತ ಹೆಚ್ಚಿನ ಅಧಿಕಾರ ಯಾರಿಗೂ ಇರಬಾರದೆಂಬುದೂ, ಮುಖ್ಯ ಕಾರ್ಯಕ್ಕೆ ಒಂದಕ್ಕಿಂತ ಹೆಚ್ಚು ಕೀಲಿಗಳಿರಬೇಕೆಂಬುದೂ ಇವೆ; ಪಾತ್ರಸಿದ್ಧಾಂತವು ಇವನ್ನು ಸಂಸ್ಥೆಗಳು ಆಚರಿಸಬಲ್ಲ ರೂಪಕ್ಕೆ ಇಳಿಸಿತು.

ಆದರೆ ಒಂದು ನ್ಯೂನತೆಯನ್ನು ಇಲ್ಲಿ ಹೇಳಲೇಬೇಕು. ಈ ಚೌಕಟ್ಟು ‘ಬಳಕೆದಾರ’ನನ್ನು ಸಿದ್ಧವಸ್ತುವಾಗಿ ಸ್ವೀಕರಿಸುತ್ತದೆ. ಬಳಕೆದಾರನೆಂದರೆ ಒಬ್ಬ ಮನುಷ್ಯನೆಂದು ಹೇಳಿ ಮುಂದೆ ನಡೆಯುತ್ತದೆ. ಆ ಮನುಷ್ಯನನ್ನು ಯಂತ್ರವು ಗುರುತಿಸುವ ಬಗೆಯನ್ನು ಅದು ಚರ್ಚೆಯ ಹೊರಗೆ ಇಟ್ಟಿದೆ. ಬಾಗಿಲು ಒಂದೇ ಇದ್ದ ಕಾಲದಲ್ಲಿ ಇದರಿಂದ ತೊಂದರೆಯಿರಲಿಲ್ಲ. ಖಾತೆಯೆಂದರೆ ಮನುಷ್ಯನೆಂದು ಭಾವಿಸಬಹುದಾಗಿದ್ದಿತು. ಬಾಗಿಲುಗಳು ಹೆಚ್ಚಿದಂತೆ ಈ ಸಮೀಕರಣ ಎರಡು ಕಡೆಯಿಂದ ಮುರಿಯುತ್ತದೆ. ಒಬ್ಬನೇ ಮನುಷ್ಯ ಇಬ್ಬರಾಗುತ್ತಾನೆ. ಇಬ್ಬರು ಮನುಷ್ಯರು ಒಬ್ಬರಾಗುತ್ತಾರೆ.

ಹೇಗೆಂದರೆ, ನಮ್ಮ ಕಲ್ಪಿತ ಕಾಲೇಜಿನ ಮುಖ್ಯಸ್ಥರಿಗೆ ಪಾಸ್‌ವರ್ಡಿನ ಖಾತೆಯೊಂದು, ಗೂಗಲ್ ಖಾತೆಯೊಂದು ಇವೆಯೆನ್ನೋಣ. ಯಂತ್ರಕ್ಕೆ ಇವರು ಇಬ್ಬರು ಬಳಕೆದಾರರು. ಒಂದರಲ್ಲಿ ಅಧ್ಯಾಪಕರಾಗಿ ಅಂಕ ಬರೆದು, ಇನ್ನೊಂದರಲ್ಲಿ ಮುಖ್ಯಸ್ಥರಾಗಿ ಅನುಮೋದಿಸಿದರೆ ಕರ್ತವ್ಯ ವಿಭಜನೆಯ ನಿಯಮವು ಅಕ್ಷರಶಃ ಪಾಲಿತವಾಗಿರುತ್ತದೆ, ವಸ್ತುತಃ ಸತ್ತಿರುತ್ತದೆ. ಯಾವ ದುರುದ್ದೇಶವೂ ಇಲ್ಲದೆ, ಬರಿಯ ಅನುಕೂಲಕ್ಕಾಗಿ ಇದು ನಡೆಯಬಹುದು. ಪಾತ್ರಗಳ ನಿರ್ಬಂಧ ಎಷ್ಟೇ ಸೂಕ್ಷ್ಮವಾಗಿರಲಿ, ವ್ಯಕ್ತಿಗಳ ಎಣಿಕೆ ತಪ್ಪಿದ್ದರೆ ಅದು ನಿಷ್ಫಲವೆಂಬುದು ಇದರಿಂದ ವಿದಿತವಾಗುತ್ತದೆ.

5. ಬಾಗಿಲುಗಳ ಪರೀಕ್ಷೆ

ಇಬ್ಬರು ಒಬ್ಬರಾಗುವ ದೋಷ ಇನ್ನೂ ಗೂಢವಾದುದು. ಇಂದಿನ ತಂತ್ರಾಂಶಗಳು ಗುರುತಿನ ಕೆಲಸವನ್ನು ಹೊರಗಿನ ಸಂಸ್ಥೆಗೆ ವಹಿಸುವುದು ಸಾಮಾನ್ಯ. 2005ರ ಸ್ಯಾಮ್ಲ್ 2.0, 2014ರ ಓಪನ್‌ಐಡಿ ಕನೆಕ್ಟ್ ಮುಂತಾದ ಮಾನಕಗಳು ಇದಕ್ಕಾಗಿಯೇ ಹುಟ್ಟಿದವು. ಗೂಗಲ್‌ನಂಥ ಸಂಸ್ಥೆಯು ‘ಬಂದವರು ಇಂಥವರು’ ಎಂದು ಸಹಿಮಾಡಿದ ಓಲೆಯೊಂದನ್ನು ಕಳುಹಿಸುತ್ತದೆ. ತಂತ್ರಾಂಶವು ಸಹಿಯನ್ನು ಪರೀಕ್ಷಿಸಿ ಅದನ್ನು ನಂಬುತ್ತದೆ. ಆ ಓಲೆಯಲ್ಲಿ ಹೆಸರು, ಮಿಂಚಂಚೆ ವಿಳಾಸ ಮೊದಲಾದ ವಿವರಗಳಿರಬಹುದು. ಒಂದೇ ವ್ಯಕ್ತಿಯ ಎರಡು ಬಾಗಿಲುಗಳನ್ನು ಕೂಡಿಸಲು ಅನೇಕ ತಂತ್ರಜ್ಞರು ಮಿಂಚಂಚೆ ವಿಳಾಸವನ್ನೇ ಕೊಂಡಿಯಾಗಿ ಬಳಸುತ್ತಾರೆ. ಇದು ತಪ್ಪು. ವಿಳಾಸಗಳು ಕೈಬದಲಾಗುತ್ತವೆ: ಒಬ್ಬ ಅಧ್ಯಾಪಕರು ನಿವೃತ್ತರಾದ ಮೇಲೆ ಅದೇ ವಿಳಾಸವನ್ನು ಅದೇ ಹೆಸರಿನ ಹೊಸಬರಿಗೆ ಕೊಟ್ಟರೆ, ಹಳಬರ ಪಾತ್ರಗಳೆಲ್ಲ ಹೊಸಬರಿಗೆ ಸಂದುಹೋಗುತ್ತವೆ. ಓಲೆ ಬರೆದ ಸಂಸ್ಥೆ ಯಾವುದು ಮತ್ತು ಆ ಸಂಸ್ಥೆಯು ಆ ವ್ಯಕ್ತಿಗೆ ಕೊಟ್ಟ ಬದಲಾಗದ ಸಂಖ್ಯೆ ಯಾವುದು ಎಂಬೆರಡನ್ನು ಕೂಡಿಸಿಯೇ ವ್ಯಕ್ತಿಯನ್ನು ಗುರುತಿಸಬೇಕೆಂದು ಓಪನ್‌ಐಡಿ ಕನೆಕ್ಟ್ ಮಾನಕವು ಸ್ಪಷ್ಟವಾಗಿ ವಿಧಿಸಿದೆ. ವಿಧಿಯಿದ್ದರೂ ಅದನ್ನು ಓದದೆ ಬರೆದ ತಂತ್ರಾಂಶಗಳು ವಿರಳವಲ್ಲ.

ಮೊಬೈಲ್ ಸಂಖ್ಯೆಯ ವಿಷಯವೂ ಹೀಗೆಯೇ. ಬಳಕೆಯಿಲ್ಲದೆ ರದ್ದಾದ ಸಂಖ್ಯೆಯನ್ನು ಕನಿಷ್ಠ 90 ದಿನಗಳ ಅನಂತರ ಬೇರೆ ಗ್ರಾಹಕರಿಗೆ ಕೊಡಬಹುದೆಂಬ ಸಂಗತಿ 2023ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಚರ್ಚೆಗೆ ಬಂದಿದ್ದಿತು. ಸಂಖ್ಯೆಯನ್ನೇ ವ್ಯಕ್ತಿಯೆಂದು ನಂಬುವ ತಂತ್ರಾಂಶದಲ್ಲಿ ಹೊಸ ಗ್ರಾಹಕನು ಏನೂ ಮಾಡದೆಯೇ ಹಳೆಯವನ ಪಾತ್ರಕ್ಕೆ ವಾರಸುದಾರನಾಗುತ್ತಾನೆ. ಬೆರಳಚ್ಚು ಕೂಡ ಕದಿಯಲಾಗದ ಸೊತ್ತಲ್ಲ. ನೋಂದಣಿ ಪತ್ರಗಳಲ್ಲಿರುವ ಬೆರಳಚ್ಚುಗಳನ್ನು ನಕಲಿಸಿ, ಆಧಾರ್ ಮೂಲಕ ನಡೆಯುವ ಪಾವತಿಯಲ್ಲಿ ಇತರರ ಬ್ಯಾಂಕ್ ಖಾತೆಗಳಿಂದ ಹಣ ತೆಗೆದ ಪ್ರಕರಣಗಳು 2023ರಲ್ಲಿ ಬೆಂಗಳೂರಿನಲ್ಲಿಯೂ ಪೊಲೀಸರ ಮುಂದೆ ಬಂದವು. ಪಾಸ್‌ವರ್ಡ್ ಕಳುವಾದರೆ ಬದಲಿಸಬಹುದು, ಬೆರಳು ಬದಲಾಗುವುದಿಲ್ಲ. ರಾಕ್ಷಸನ ಮುದ್ರೆಯ ಕಥೆ ಇಲ್ಲಿ ಕಥೆಯಾಗಿ ಉಳಿದಿಲ್ಲ.

ಪಾತ್ರವನ್ನು ಓಲೆಯಲ್ಲಿಯೇ ಬರೆದುಬಿಡುವ ಪದ್ಧತಿಯೂ ವಿಚಾರಾರ್ಹ. ಒಳಬರುವಾಗ ಕೊಟ್ಟ ಟೋಕನ್ನಿನಲ್ಲಿ ‘ಇವರು ಮುಖ್ಯಸ್ಥರು’ ಎಂದು ಬರೆದಿದ್ದರೆ, ಆ ಟೋಕನ್ನಿನ ಅವಧಿ ಮುಗಿಯುವವರೆಗೂ ಅವರು ಮುಖ್ಯಸ್ಥರೇ. ಬೆಳಗ್ಗೆ ಹನ್ನೊಂದಕ್ಕೆ ಅಧಿಕಾರ ಹಸ್ತಾಂತರವಾದರೂ ಯಂತ್ರಕ್ಕೆ ಅದು ತಿಳಿಯದು. ಕೇವಲ ನೋಡುವ ಕಾರ್ಯಕ್ಕೆ ಇಷ್ಟು ವಿಳಂಬ ಸಹ್ಯ. ತಿದ್ದುವ, ಅನುಮೋದಿಸುವ ಕಾರ್ಯಗಳಿಗೆ ಆ ಕ್ಷಣದಲ್ಲಿ ಪಟ್ಟಿಯನ್ನು ನೋಡಿಯೇ ಮುಂದುವರಿಯಬೇಕು.

6. ಒಂದು ಪ್ರತ್ಯುದಾಹರಣೆ

ಇಷ್ಟು ಹೇಳಿದ ಮೇಲೆ ನಮ್ಮ ವಾದಕ್ಕೆ ಎದುರಾಗಿ ನಿಲ್ಲುವ ಒಂದು ನಿದರ್ಶನವನ್ನು ಮರೆಮಾಚಬಾರದು. ಕಾಲೇಜು ಅಧ್ಯಾಪಕರಲ್ಲಿ ಹಲವರು ಇನ್‌ಫ್ಲಿಬ್‌ನೆಟ್ ನಡೆಸುವ ಇನ್‌ಫೆಡ್ ಒಕ್ಕೂಟದ ಮೂಲಕ ಮನೆಯಿಂದಲೇ ವಿದ್ವತ್ಪತ್ರಿಕೆಗಳನ್ನು ಓದುತ್ತಿರಬಹುದು. ಇಲ್ಲಿ ಅಧ್ಯಾಪಕರು ಗುರುತು ತೋರಿಸುವುದು ತಮ್ಮ ಸಂಸ್ಥೆಗೆ. ಪತ್ರಿಕೆಯ ಪ್ರಕಾಶಕರಿಗೆ ಹೋಗಬೇಕಾದುದು ‘ಇವರು ನಮ್ಮ ಸಂಸ್ಥೆಯ ಸದಸ್ಯರು’ ಎಂಬಷ್ಟು ಮಾತ್ರ. ಹೆಸರನ್ನು ಹೇಳದೆಯೇ ಪಾತ್ರವನ್ನು ಹೇಳಲು ಈ ಬಗೆಯ ಒಕ್ಕೂಟಗಳಲ್ಲಿ ಅವಕಾಶವಿದೆ. ವ್ಯಕ್ತಿಯನ್ನು ಮೊದಲು ನಿರ್ಣಯಿಸಿ ಅನಂತರ ಪಾತ್ರವನ್ನು ನೋಡಬೇಕೆಂಬ ನಮ್ಮ ನಿಯಮಕ್ಕೆ ಇದು ವಿರುದ್ಧವಲ್ಲವೆ?

ವಿರುದ್ಧವಲ್ಲ, ಆದರೆ ನಿಯಮದ ಕ್ಷೇತ್ರವನ್ನು ಇದು ಸರಿಯಾಗಿ ಗುರುತಿಸುವಂತೆ ಮಾಡುತ್ತದೆ. ಗ್ರಂಥಾಲಯದಲ್ಲಿ ಓದುಗನು ಏನನ್ನು ಓದಿದನೆಂಬುದು ಪ್ರಕಾಶಕನಿಗೆ ತಿಳಿಯಬೇಕಾದುದಿಲ್ಲ. ಓದುವುದರಿಂದ ಇನ್ನೊಬ್ಬರ ದಾಖಲೆ ಬದಲಾಗುವುದೂ ಇಲ್ಲ. ಅಲ್ಲಿ ಹೆಸರಿಲ್ಲದ ಪಾತ್ರವೇ ಉಚಿತ. ಪಹಣಿ, ಅಂಕಪಟ್ಟಿ, ಖಾತಾ ಮೊದಲಾದ ದಾಖಲೆಗಳನ್ನು ತಿದ್ದುವಲ್ಲಿ ಮಾತ್ರ ಪಾತ್ರದ ಹಿಂದೆ ಹೆಸರಿರುವ ಮನುಷ್ಯನೊಬ್ಬನು ನಿಂತಿರಲೇಬೇಕು. ಅದೂ ಅಲ್ಲದೆ, ಒಕ್ಕೂಟದ ಈ ಪದ್ಧತಿಯಲ್ಲಿಯೂ ಪಾತ್ರವು ಬಾಗಿಲಿನಿಂದ ಬರುವುದಿಲ್ಲ. ಅಧ್ಯಾಪಕರ ಸ್ವಂತ ಸಂಸ್ಥೆಯ ಪಟ್ಟಿಯಿಂದಲೇ ಬರುತ್ತದೆ. ಹೊರಗಿನವರು ನಂಬುವುದು ಆ ಪಟ್ಟಿಯನ್ನು. ‘ಸದಸ್ಯರು’ ಎಂದು ಹೇಳುವ ಅಧಿಕಾರ ವಿಶ್ವವಿದ್ಯಾನಿಲಯಕ್ಕುಂಟು; ‘ಈ ತರಗತಿಯ ಅಂಕಗಳನ್ನು ತಿದ್ದಬಹುದು’ ಎಂದು ಹೇಳುವ ಅಧಿಕಾರ ಆ ತರಗತಿಯ ವಿಭಾಗಕ್ಕೆ ಮಾತ್ರ.

7. ಬಾಗಿಲಿನ ಬಲಕ್ಕೆ ಸ್ಥಾನವೆಲ್ಲಿ?

ಹಾಗಾದರೆ ಲಾಗಿನ್ ವಿಧಾನಕ್ಕೂ ಅಧಿಕಾರಕ್ಕೂ ಸಂಬಂಧವೇ ಬೇಡವೆ ಎಂದು ವಾಚಕರು ಕೇಳಬಹುದು. ಬೇಕು; ಆದರೆ ಆ ಸಂಬಂಧವು ಒಂದೇ ದಿಕ್ಕಿನಲ್ಲಿರಬೇಕು. ಬಾಗಿಲು ಪಾತ್ರವನ್ನು ಕೊಡಲಾರದು, ಬೆಳೆಸಲಾರದು. ಇರುವ ಪಾತ್ರದಲ್ಲಿ ಆ ಸೆಷನ್‌ಗೆ ಎಷ್ಟು ತೆರೆಯಬೇಕೆಂಬುದನ್ನು ಮಾತ್ರ ಅದು ನಿರ್ಧರಿಸಬಹುದು. ದುರ್ಬಲವಾದ ಬಾಗಿಲಿನಿಂದ ಬಂದ ಮುಖ್ಯಸ್ಥರು ಮುಖ್ಯಸ್ಥರೇ. ಆದರೆ ಆ ಸಲ ಅಂಕಗಳನ್ನು ನೋಡಬಹುದು, ಅನುಮೋದಿಸಲು ಇನ್ನೊಂದು ಬಲವಾದ ರುಜುವಾತನ್ನು ಒದಗಿಸಬೇಕು. 1996ರ ಚೌಕಟ್ಟಿನ ಸೆಷನ್ ಎಂಬ ಘಟಕಕ್ಕೆ ಇಲ್ಲಿ ನಿಜವಾದ ಪ್ರಯೋಜನ ದೊರೆಯುತ್ತದೆ.

ಈ ದಿಕ್ಕಿನಲ್ಲಿ ಸಲಕರಣೆಗಳು ಸಿದ್ಧವಾಗಿವೆ. ಅಮೆರಿಕದ ಮಾನಕ ಸಂಸ್ಥೆಯು 2017ರ ತನ್ನ ಮಾರ್ಗಸೂಚಿಯಲ್ಲಿ ವ್ಯಕ್ತಿಯನ್ನು ಮೊದಲು ಎಷ್ಟು ಪರೀಕ್ಷಿಸಿ ನೋಂದಾಯಿಸಿದೆ, ಈಗ ಯಾವ ಬಲದ ಸಾಧನದಿಂದ ಒಳಬಂದನು, ಹೊರಗಿನ ಓಲೆ ಎಷ್ಟು ಭದ್ರವಾಗಿ ಬಂದಿತು ಎಂಬ ಮೂರನ್ನು ಮೂರು ಪ್ರತ್ಯೇಕ ಅಳತೆಗಳಾಗಿ ವಿಂಗಡಿಸಿತು. ಪಾಸ್‌ವರ್ಡಿನಿಂದ ಬಂದನೆ, ಒಟಿಪಿಯಿಂದಲೆ, ಬೆರಳಚ್ಚಿನಿಂದಲೆ ಎಂಬುದನ್ನು ಓಲೆಯಲ್ಲಿ ಸೂಚಿಸುವ ಸಂಕೇತಗಳನ್ನು 2017ರ ಆರ್‌ಎಫ್‌ಸಿ 8176 ಗೊತ್ತುಪಡಿಸಿತು. ಕಾರ್ಯದ ಮಧ್ಯದಲ್ಲಿ ಇನ್ನೂ ಬಲವಾದ ರುಜುವಾತನ್ನು ಕೇಳುವ ಕ್ರಮವನ್ನು 2023ರ ಆರ್‌ಎಫ್‌ಸಿ 9470 ನಿರೂಪಿಸಿತು.

ಇಂಥ ಮೆಟ್ಟಿಲನ್ನು ನೋಡಲು ಪದ್ಮನಾಭನಗರದವರು ದೂರ ಹೋಗಬೇಕಾಗಿಲ್ಲ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು 2024ರ ಅಕ್ಟೋಬರ್‌ನಲ್ಲಿ ಇ–ಖಾತಾವನ್ನು ಜನರೇ ಪಡೆಯುವಂತೆ ಮಾಡಿದಾಗ, ಕರಡು ಖಾತಾವನ್ನು ಹುಡುಕಿ ನೋಡಲು ಮೊಬೈಲ್ ಸಂಖ್ಯೆಯ ಒಟಿಪಿ ಸಾಕಾಗಿದ್ದಿತು. ಅಂತಿಮ ಖಾತಾ ಪಡೆಯಲು ಮಾಲೀಕರು ಆಧಾರ್ ಮೂಲಕ ಗುರುತನ್ನು ಸ್ಥಾಪಿಸಿ ಕ್ರಯಪತ್ರದ ವಿವರವನ್ನೂ ಕೊಡಬೇಕಾಗಿದ್ದಿತು. ನೋಡುವುದಕ್ಕೆ ಒಂದು ಬಲ, ಹಕ್ಕು ಸಾಧಿಸುವುದಕ್ಕೆ ಇನ್ನೊಂದು ಬಲ. ಮಾಲೀಕತ್ವವಾದರೋ ಆಧಾರ್‌ನಿಂದ ಹುಟ್ಟುವುದಿಲ್ಲ, ಪತ್ರದಿಂದಲೇ ಹುಟ್ಟುತ್ತದೆ. ತತ್ತ್ವದ ದೃಷ್ಟಿಯಿಂದ ಈ ವಿಂಗಡಣೆ ಸಮಂಜಸವೆಂದೇ ಹೇಳಬೇಕು. ಕೇಂದ್ರ ಸರ್ಕಾರವು 2022ರ ಜುಲೈಯಲ್ಲಿ ಆರಂಭಿಸಿದ ‘ಮೇರಿ ಪೆಹಚಾನ್’ ಕೂಡ ಜನ ಪರಿಚಯ, ಇ–ಪ್ರಮಾಣ, ಡಿಜಿಲಾಕರ್ ಎಂಬ ಮೂರು ಬಾಗಿಲುಗಳನ್ನು ಒಂದೇ ಏರ್ಪಾಟಿನಲ್ಲಿ ಕೂಡಿಸಿದೆ. ಆದರೆ ಹಾಗೆ ಕೂಡಿಸಿದ ಗುರುತು ಯಾವ ಇಲಾಖೆಯಲ್ಲಿ ಏನು ಮಾಡಬಹುದೆಂಬುದನ್ನು ಆಯಾ ಇಲಾಖೆಯ ಪಟ್ಟಿಯೇ ಹೇಳಬೇಕಲ್ಲದೆ ಗುರುತಿನ ಏರ್ಪಾಟು ಹೇಳತಕ್ಕದ್ದಲ್ಲ.

ಇಲ್ಲಿ ಒಂದು ಗಂಭೀರವಾದ ಆಕ್ಷೇಪವುಂಟು. ಬಾಗಿಲಿನ ಬಲಕ್ಕೆ ತಕ್ಕಂತೆ ಅಧಿಕಾರವನ್ನು ಕುಗ್ಗಿಸಿದರೆ ಬಲವಾದ ಬಾಗಿಲು ಯಾರಿಗೆ ಎಟುಕುವುದಿಲ್ಲವೋ ಅವರಿಗೆ ಅನ್ಯಾಯವಾಗುವುದಿಲ್ಲವೆ? ಗಾರೆ ಕೆಲಸದಿಂದ ಬೆರಳಿನ ಗೆರೆ ಸವೆದವರು, ಮೊಬೈಲನ್ನು ಮಗನ ಕೈಯಲ್ಲಿ ಬಿಟ್ಟಿರುವ ವೃದ್ಧೆಯರು ಇವರ ಗತಿಯೇನು? ಆಧಾರ್ ಕುರಿತ ಮೊಕದ್ದಮೆಯಲ್ಲಿ ಇಂಥ ಪ್ರಶ್ನೆಗಳೂ ಸುಪ್ರೀಂ ಕೋರ್ಟಿನ ಮುಂದಿದ್ದವು. 2018ರ ಸೆಪ್ಟೆಂಬರ್ 26ರಂದು ತೀರ್ಪಾದ ಆ ಮೊಕದ್ದಮೆಗೆ ಹೆಸರು ಕೊಟ್ಟವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು. ಆಕ್ಷೇಪಕ್ಕೆ ನಮ್ಮ ಸಮಾಧಾನವಿದು: ಬಾಗಿಲುಗಳು ಅನೇಕವಿರಬೇಕೆಂಬುದಕ್ಕೆ ಇದೇ ಪ್ರಬಲವಾದ ಕಾರಣ. ಒಂದೇ ಸಾಧನವನ್ನು ಕಡ್ಡಾಯಮಾಡಿದರೆ ಅದು ಯಾರನ್ನಾದರೂ ಹೊರಗಿಟ್ಟೇ ಇಡುತ್ತದೆ. ಪ್ರತಿಯೊಂದು ಬಲದ ಮಟ್ಟಕ್ಕೂ ಒಂದಕ್ಕಿಂತ ಹೆಚ್ಚು ಮಾರ್ಗಗಳಿರಬೇಕು; ಬೆರಳು ಒಪ್ಪದಿದ್ದಾಗ ಅಧಿಕಾರಿಯು ಮುಖತಃ ನೋಡಿ, ದಾಖಲೆಯನ್ನು ಪರಿಶೀಲಿಸಿ, ತನ್ನ ಹೆಸರಿನಲ್ಲಿ ಒಪ್ಪಿಗೆ ಬರೆಯುವುದೂ ಒಂದು ಬಲವಾದ ಮಾರ್ಗವೇ. ಅದನ್ನು ಒದಗಿಸುವ ಹೊರೆ ಸಂಸ್ಥೆಯದು, ನಾಗರಿಕನದಲ್ಲ. ಪಾತ್ರದ ಪಟ್ಟಿ ಬಾಗಿಲಿನಿಂದ ಬೇರೆಯಾಗಿದ್ದರೆ ಮಾತ್ರ ಹೊಸ ಮಾರ್ಗವೊಂದನ್ನು ಸೇರಿಸುವುದು ಸುಲಭ. ಪಾತ್ರವು ಬಾಗಿಲಿಗೆ ಅಂಟಿದ್ದರೆ ಪ್ರತಿ ಹೊಸ ಬಾಗಿಲಿಗೂ ಅಧಿಕಾರವನ್ನು ಮತ್ತೆ ಹಂಚಬೇಕಾಗುತ್ತದೆ, ಪ್ರತಿ ಹಂಚಿಕೆಯಲ್ಲಿಯೂ ತಪ್ಪಿಗೆ ಎಡೆಯಿರುತ್ತದೆ.

8. ಉಪಸಂಹಾರ

ಮೇಲಿನ ಪರಿಶೀಲನೆಯಿಂದ ಫಲಿಸುವ ಅಂಶಗಳನ್ನು ಸಂಗ್ರಹವಾಗಿ ಹೇಳುವುದಾದರೆ: ಮೊದಲನೆಯದಾಗಿ, ಸಂಸ್ಥೆಯು ವ್ಯಕ್ತಿಗಳ ಪಟ್ಟಿಯೊಂದನ್ನು ಇಡಬೇಕು, ಎಷ್ಟು ಬಾಗಿಲುಗಳಿದ್ದರೂ ಅವೆಲ್ಲ ಈ ಪಟ್ಟಿಯ ಒಂದೇ ಸಾಲಿಗೆ ಬಂದು ಸೇರಬೇಕು. ಈಗಾಗಲೇ ತೆರೆದಿರುವ ಎರಡು ಬಾಗಿಲುಗಳಲ್ಲಿಯೂ ತನ್ನ ರುಜುವಾತನ್ನು ತೋರಿಸಿದವನಿಗೆ ಮಾತ್ರ ಅವೆರಡನ್ನು ಕೂಡಿಸಿಕೊಡಬೇಕು. ಹೆಸರೋ ವಿಳಾಸವೋ ಹೊಂದಿತೆಂದು ಯಂತ್ರವೇ ಕೂಡಿಸಕೂಡದು. ಎರಡನೆಯದಾಗಿ, ಪಾತ್ರದ ನೇಮಕವು ಆರಂಭದ ಮತ್ತು ಮುಕ್ತಾಯದ ದಿನಾಂಕಗಳೊಡನೆ ಬೇರೊಂದು ಪಟ್ಟಿಯಲ್ಲಿರಬೇಕು. ಪ್ರಭಾರಕ್ಕೂ ಅಲ್ಲಿಯೇ ಸ್ಥಾನ. ಮೂರನೆಯದಾಗಿ, ಬಾಗಿಲಿನ ಬಲವು ಸೆಷನ್ನನ್ನು ಕುಗ್ಗಿಸಬಹುದೇ ಹೊರತು ಪಾತ್ರವನ್ನು ಹಿಗ್ಗಿಸಕೂಡದು. ನಾಲ್ಕನೆಯದಾಗಿ, ಪ್ರತಿಯೊಂದು ತಿದ್ದುಪಡಿಯ ಬಳಿಯೂ ಮಾಡಿದವರು ಯಾರು, ಯಾವ ಪಾತ್ರದಲ್ಲಿ, ಯಾವ ಬಾಗಿಲಿನಿಂದ ಬಂದು ಮಾಡಿದರು ಎಂಬ ಮೂರೂ ಬರೆದಿರಬೇಕು.

ಈ ನಾಲ್ಕರಲ್ಲಿ ಯಾವುದೂ ಹೆಚ್ಚು ವೆಚ್ಚದ ಯಂತ್ರವನ್ನು ಬೇಡುವುದಿಲ್ಲ. ಕಷ್ಟವಿರುವುದು ಪಟ್ಟಿಯನ್ನು ಜೀವಂತವಾಗಿಡುವ ಶಿಸ್ತಿನಲ್ಲಿ. ಅದು ತಂತ್ರಜ್ಞರೊಬ್ಬರಿಂದಲೇ ಆಗುವ ಕೆಲಸವಲ್ಲ. ನೇಮಕ, ವರ್ಗಾವಣೆ, ರಜೆ, ನಿವೃತ್ತಿಗಳ ಆದೇಶ ಹೊರಡಿಸುವವರ ಕೆಲಸವೂ ಹೌದು. ನಮ್ಮ ವಿದ್ಯಾರ್ಥಿಗಳು ತಮ್ಮ ಕಾಲೇಜಿನ ತಂತ್ರಾಂಶವನ್ನೇ ತೆಗೆದುಕೊಂಡು ಎರಡು ಪ್ರಶ್ನೆಗಳನ್ನು ಹಾಕಿ ನೋಡಬಹುದು: ಇದರಲ್ಲಿ ಒಬ್ಬ ಮನುಷ್ಯ ಎಷ್ಟು ಬಳಕೆದಾರರಾಗಿರುವನು? ಕಳೆದ ವರ್ಷ ಬಿಟ್ಟುಹೋದವರಲ್ಲಿ ಎಷ್ಟು ಮಂದಿ ಇನ್ನೂ ಒಳಬರಬಲ್ಲರು? ದೊರೆತ ಉತ್ತರಗಳನ್ನು ಈ ವಿಭಾಗದ ಮುಂದಿನ ಅಧ್ಯಯನಗಳಲ್ಲಿ ಸೇರಿಸಿಕೊಂಡರೆ ಇಲ್ಲಿ ತರ್ಕದಿಂದ ಹೇಳಿರುವುದನ್ನು ನಿದರ್ಶನಗಳಿಂದ ಪರೀಕ್ಷಿಸಲು ಸಾಧ್ಯವಾಗುವುದು.